ಅತಿಥಿ ಯಾರು, ಆತಿಥೇಯ ಯಾರು: ಅಂಗೈ ಸಾಧನಕ್ಕೆ ಹಾರ್ಡ್ ಡಿಸ್ಕ್ ಜೋಡಿಸಿದ ವೃತ್ತಾಂತ

ದೆಹಲಿಯ ದ್ವಾರಕಾದಲ್ಲಿ ನಮ್ಮದೊಂದು ಸಣ್ಣ ಓದುಬಳಗವಿದೆ. ತಿಂಗಳಿಗೊಮ್ಮೆ ಯಾರಾದರೊಬ್ಬರ ಮನೆಯಲ್ಲಿ ಸೇರುವುದು, ಒಂದು ಕನ್ನಡ ಪುಸ್ತಕವನ್ನು ಮುಂದಿಟ್ಟುಕೊಂಡು ಸಂಜೆಯವರೆಗೆ ಮಾತನಾಡುವುದು, ಇಷ್ಟೇ ಅದರ ಕಾರ್ಯಕ್ರಮ. ಬಂದು ಸೇರುವವರಲ್ಲಿ ಬಹುಪಾಲು ಕೇಂದ್ರ ಸರ್ಕಾರದ ನೌಕರರು. ವರ್ಗಾವಣೆಯ ಆದೇಶ ಬಂದಾಗ ಬರುವವರು, ಇನ್ನೊಂದು ಆದೇಶ ಬಂದಾಗ ಹೋಗುವವರು. ಹೀಗೆ ಬಂದುಹೋಗುವವರ ನಡುವೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಒಂದೇ ಕಡೆ ನೆಲೆ ನಿಂತು, ಪ್ರತಿ ಸಭೆಗೂ ಟಿಪ್ಪಣಿ ಬರೆದು, ಮಾತುಗಳನ್ನು ಧ್ವನಿಮುದ್ರಿಸಿ ಇಟ್ಟವರು ಹಿರಿಯರೊಬ್ಬರು. ಅವರನ್ನು ನಾವೆಲ್ಲ ರಾಯರು ಎಂದೇ ಕರೆಯುತ್ತಿದ್ದೆವು. ಅವರು ತೀರಿಕೊಂಡ ಮೇಲೆ, ಮೊನ್ನೆಯ ಚಳಿಗಾಲದ ಒಂದು ಭಾನುವಾರ, ಅವರ ಪತ್ನಿ ನಮ್ಮನ್ನು ಮನೆಗೆ ಕರೆಸಿದರು. ಮೇಜಿನ ಮೇಲೆ ಎರಡು ವಸ್ತುಗಳಿದ್ದವು: ಕೈವಸ್ತ್ರದಲ್ಲಿ ಸುತ್ತಿದ ಒಂದು ಹಾರ್ಡ್ ಡಿಸ್ಕ್, ಮತ್ತು ವಿದೇಶದಲ್ಲಿರುವ ಮಗ ತಂದುಕೊಟ್ಟ ಒಂದು ಟ್ಯಾಬ್ಲೆಟ್.

"ಇದರೊಳಗೆ ಎಲ್ಲ ಇದೆ ಅಂತ ಹೇಳ್ತಿದ್ರು. ಹಳೇ ಕಂಪ್ಯೂಟರು ಆನ್ ಆಗೋದೇ ಇಲ್ಲ. ಇದಕ್ಕೆ ಜೋಡಿಸಿಕೊಡಿ, ನಾನೇ ನೋಡ್ಕೋತೀನಿ," ಎಂದರು ಅಮ್ಮ.

ಹತ್ತು ನಿಮಿಷದ ಕೆಲಸವೆಂದು ನಾವು ತಿಳಿದೆವು. ಅದಕ್ಕೆ ಮೂರು ಭಾನುವಾರಗಳು ಹಿಡಿದವು. ಆ ಮೂರು ವಾರಗಳಲ್ಲಿ ನಮ್ಮನ್ನು ತಡೆದ ಒಂದೊಂದು ತೊಡಕಿನ ಹಿಂದೆಯೂ ಒಂದೊಂದು ಚರಿತ್ರೆಯಿರುವುದನ್ನು ಕಂಡೆವು. ಒಂದು ದೊಡ್ಡ ಸ್ಮೃತಿಕೋಶವನ್ನು ಒಂದು ಸಣ್ಣ ಸಾಧನಕ್ಕೆ ಜೋಡಿಸುವುದೆಂದರೆ ತಂತಿ ಸಿಕ್ಕಿಸುವುದಷ್ಟೇ ಅಲ್ಲ. ಮನೆಯ ಯಜಮಾನರು ಯಾರು, ಊಟಕ್ಕಿಕ್ಕುವವರು ಯಾರು, ಮಾತನಾಡುವ ಭಾಷೆ ಯಾವುದು ಎಂಬ ಮೂರು ಒಪ್ಪಂದಗಳು ಮೊದಲೇ ಆಗಿರಬೇಕು. ಆ ಒಪ್ಪಂದಗಳು ಆದ ಬಗೆಯೇ ಈ ಲೇಖನದ ವಿಷಯ.

ಮೊದಲಿಗೆ, ಸ್ಮೃತಿ ಕೈಗೆ ಬಂದ ದಾರಿ. 1956ರಲ್ಲಿ ಐಬಿಎಂ ಕಂಪನಿ ರಾಮ್ಯಾಕ್ ಎಂಬ ಗಣಕದ ಜೊತೆಗೆ ಜಗತ್ತಿನ ಮೊದಲ ಹಾರ್ಡ್ ಡಿಸ್ಕನ್ನು ಹೊರತಂದಿತು. ಎರಡಡಿ ವ್ಯಾಸದ ಐವತ್ತು ತಟ್ಟೆಗಳು ಒಂದೇ ಕಂಬಕ್ಕೆ ಪೋಣಿಸಿಕೊಂಡು ತಿರುಗುತ್ತಿದ್ದ ಆ ಯಂತ್ರದ ತೂಕ ಒಂದು ಟನ್ನಿಗೂ ಹೆಚ್ಚು. ಅದು ಹಿಡಿಯುತ್ತಿದ್ದದ್ದು ಸುಮಾರು 50 ಲಕ್ಷ ಅಕ್ಷರಗಳನ್ನು. ಇಂದು ಮೊಬೈಲಿನಲ್ಲಿ ತೆಗೆದ ಒಂದೆರಡು ಚಿತ್ರಗಳಿಗೆ ಅಷ್ಟು ಜಾಗ ಸಾಲದು. ಮುಂದಿನ ನಾಲ್ಕು ದಶಕಗಳ ಚರಿತ್ರೆ ಈ ತಟ್ಟೆ ಕಿರಿದಾಗುತ್ತ ಹೋದ ಚರಿತ್ರೆ. 1999ರಲ್ಲಿ ಅದೇ ಕಂಪನಿ ಒಂದಂಗುಲದ ತಟ್ಟೆಯ ಮೈಕ್ರೋಡ್ರೈವನ್ನು ಮಾರುಕಟ್ಟೆಗೆ ತಂದಿತು. ಬೆಂಕಿಪೊಟ್ಟಣದಷ್ಟು ಗಾತ್ರವೂ ಇಲ್ಲದ ಅದರಲ್ಲಿ 340 ಮೆಗಾಬೈಟ್ ಹಿಡಿಯುತ್ತಿತ್ತು. ಕ್ಯಾಮರಾಗಳಿಗೂ ಅಂಗೈಯಲ್ಲಿ ಹಿಡಿಯುವ ಗಣಕಗಳಿಗೂ ಅದನ್ನು ಸಿಕ್ಕಿಸಬಹುದಿತ್ತು. ತಿರುಗುವ ತಟ್ಟೆಯೊಂದು ಮನುಷ್ಯನ ಅಂಗೈಗೆ ಬಂದು ಕುಳಿತದ್ದು ಹೀಗೆ.

ಆದರೆ ಗಾತ್ರ ಕಿರಿದಾದ ಮಾತ್ರಕ್ಕೆ ಸ್ನೇಹ ಬೆಳೆಯುವುದಿಲ್ಲ. ಅಂಗೈ ಸಾಧನವೂ ಹಾರ್ಡ್ ಡಿಸ್ಕೂ ನೇರವಾಗಿ ಮಾತನಾಡಲು ಆಗ ಅಡ್ಡಿಯಾಗಿದ್ದದ್ದು ಅವೆರಡರ ಸಾಮಾಜಿಕ ಸ್ಥಾನ. ಆ ಸ್ಥಾನವನ್ನು ನಿಗದಿ ಮಾಡಿದ್ದು 1996ರ ಜನವರಿಯಲ್ಲಿ ಪ್ರಕಟವಾದ ಯುಎಸ್‌ಬಿ ಎಂಬ ನಿಯಮಾವಳಿ.

ಅದಕ್ಕೂ ಮೊದಲು ಗಣಕದ ಹಿಂಬದಿಯಲ್ಲಿ ಮುದ್ರಕಕ್ಕೊಂದು, ಮೌಸಿಗೊಂದು, ಕೀಲಿಮಣೆಗೊಂದು, ಮೋಡೆಮಿಗೊಂದು ಎಂದು ಬೇರೆ ಬೇರೆ ಬಾಯಿಗಳಿದ್ದವು. ಅವೆಲ್ಲವುಗಳ ಬದಲು ಒಂದೇ ಬಾಯಿ ಸಾಕೆಂದು ಏಳು ಕಂಪನಿಗಳು ಸೇರಿ ಈ ನಿಯಮಾವಳಿಯನ್ನು ರೂಪಿಸಿದವು. ಆ ಕೆಲಸದ ಮುಂಚೂಣಿಯಲ್ಲಿದ್ದ ಇಂಟೆಲ್ ಕಂಪನಿಯ ಅಜಯ್ ಭಟ್ ಅವರು ಬರೋಡಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಓದಿದವರು. ಬಡವರೂ ಕೊಳ್ಳುವಂತಿರಬೇಕಾದರೆ ಮೌಸು, ಕೀಲಿಮಣೆಗಳಂಥ ಉಪಕರಣಗಳು ಅಗ್ಗವಾಗಿರಬೇಕು. ಅಗ್ಗವಾಗಬೇಕಾದರೆ ಅವುಗಳಲ್ಲಿ ಬುದ್ಧಿ ಕಡಿಮೆಯಿರಬೇಕು. ಆದ್ದರಿಂದ ಬುದ್ಧಿಯನ್ನೆಲ್ಲ ಗಣಕದ ಕಡೆಗಿಟ್ಟು, ಉಳಿದವನ್ನು ಅದರ ಆಜ್ಞಾಧಾರಕರನ್ನಾಗಿ ಮಾಡಲಾಯಿತು. ಗಣಕ ಕೇಳದೆ ಯಾವ ಉಪಕರಣವೂ ಮಾತನಾಡಕೂಡದು. ಎರಡು ಉಪಕರಣಗಳು ತಮ್ಮತಮ್ಮಲ್ಲೇ ಮಾತನಾಡುವುದಂತೂ ಸಾಧ್ಯವೇ ಇಲ್ಲ. ತಂತಿಯ ಎರಡು ತುದಿಗಳನ್ನು ಬೇರೆ ಬೇರೆ ಆಕಾರದಲ್ಲಿ ಮಾಡಿದ್ದೂ ಇದಕ್ಕಾಗಿಯೇ: ಚಪ್ಪಟೆ ತುದಿ ಯಜಮಾನನಿಗೆ, ಚೌಕದ ತುದಿ ಸೇವಕನಿಗೆ. ತಪ್ಪಿಯೂ ಪಂಕ್ತಿಭೇದ ಅಳಿಯಬಾರದು!

ಈ ವ್ಯವಸ್ಥೆಯಲ್ಲಿ ಗಣಕಕ್ಕೆ ಇಟ್ಟ ಹೆಸರು 'ಹೋಸ್ಟ್', ಎಂದರೆ ಆತಿಥೇಯ. ಇಂಗ್ಲಿಷ್ ಸಾಹಿತ್ಯ ಓದಿದ ನಮಗೆ ಈ ಪದದ ಬೇರಿನ ಬಗ್ಗೆ ಒಂದು ಮಾತು ಹೇಳದೆ ಇರಲಾಗದು. ಅದರ ಮೂಲವಾದ 'ಹೋಸ್ಪೆಸ್' ಎಂಬ ಲ್ಯಾಟಿನ್ ಪದಕ್ಕೆ ಆತಿಥೇಯ ಎಂಬ ಅರ್ಥವೂ ಇತ್ತು, ಅತಿಥಿ ಎಂಬ ಅರ್ಥವೂ ಇತ್ತು. ಇಂದು ಮನೆಗೆ ಬಂದವನು ನಾಳೆ ತನ್ನ ಮನೆಗೆ ಕರೆಯುವವನೇ ಅಲ್ಲವೇ? 1996ರ ನಿಯಮಾವಳಿ ಪದವನ್ನು ಉಳಿಸಿಕೊಂಡು ಆ ಎರಡನೆಯ ಅರ್ಥವನ್ನು ಕೈಬಿಟ್ಟಿತು. ಆತಿಥೇಯ ಎಂದೆಂದಿಗೂ ಆತಿಥೇಯ, ಅತಿಥಿ ಎಂದೆಂದಿಗೂ ಅತಿಥಿ.

ಅದೇ 1996ರಲ್ಲಿ ಬಂದ ಪಾಮ್ ಪೈಲಟ್ ಎಂಬ ಅಂಗೈ ಗಣಕವನ್ನು ಈ ಬೆಳಕಿನಲ್ಲಿ ನೋಡಬೇಕು. ಹಗಲೆಲ್ಲ ಜೇಬಿನಲ್ಲಿದ್ದು, ಸಂಜೆ ಮೇಜಿನ ಮೇಲಿನ ತೊಟ್ಟಿಲಿನಲ್ಲಿ ಕುಳಿತು ದೊಡ್ಡ ಗಣಕಕ್ಕೆ ದಿನದ ಲೆಕ್ಕ ಒಪ್ಪಿಸುವುದು ಅದರ ಬದುಕು. ಅಂಗೈ ಸಾಧನವನ್ನು ಜಗತ್ತು ಆಗ ಕಲ್ಪಿಸಿಕೊಂಡಿದ್ದೇ ಹಾಗೆ: ಅದು ದೊಡ್ಡ ಗಣಕದ ಮಗು. ಮಗುವಿನ ಮನೆಗೆ ಅತಿಥಿಗಳು ಬರುವುದೆಲ್ಲಿ? ಹಾರ್ಡ್ ಡಿಸ್ಕೂ ಸೇವಕ, ಅಂಗೈ ಸಾಧನವೂ ಸೇವಕ. ಇಬ್ಬರು ಸೇವಕರನ್ನು ಒಂದು ತಂತಿಯ ಎರಡು ತುದಿಗೆ ಕಟ್ಟಿದರೆ ಇಬ್ಬರೂ ಅಪ್ಪಣೆಗಾಗಿ ಕಾಯುತ್ತ ಕುಳಿತಿರುತ್ತಾರೆ.

ಮನೆಯಲ್ಲಿ ದೊಡ್ಡ ಗಣಕವೇ ಇಲ್ಲದವರ ಗತಿಯೇನು? ಈ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿಕೊಂಡವರು ಬೆಂಗಳೂರಿನವರು. 1998ರಲ್ಲಿ ಅಲ್ಲಿನ ಮಾಹಿತಿ ತಂತ್ರಜ್ಞಾನ ಮೇಳದ ಸಂದರ್ಭದಲ್ಲಿ, ಅಭಿವೃದ್ಧಿಶೀಲ ಸಮಾಜಗಳಿಗೆ ಬೇಕಾದ ತಂತ್ರಜ್ಞಾನದ ಬಗ್ಗೆ ಒಂದು ವಿಚಾರಸಂಕಿರಣ ನಡೆಯಿತು. ಅಲ್ಲಿ ಮೊಳೆತ ವಿಚಾರವೇ ಸಿಂಪ್ಯೂಟರ್. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಅವರೂ, ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ವಿನಯ್ ದೇಶಪಾಂಡೆ ಮತ್ತು ಸಂಗಡಿಗರೂ ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟನ್ನು ಕಟ್ಟಿದರು. 2001ರ ಏಪ್ರಿಲ್‌ನಲ್ಲಿ ಮೊದಲ ಮಾದರಿ ಹೊರಬಂದಿತು. ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆ, ಮುಟ್ಟಿದರೆ ಸ್ಪಂದಿಸುವ ಪರದೆ, 32 ಮೆಗಾಬೈಟ್ ಸ್ಮೃತಿ, ಮಾರ್ಪಡಿಸಿ ಹಂಚಿಕೊಳ್ಳಲು ಅವಕಾಶವಿದ್ದ ಯಂತ್ರವಿನ್ಯಾಸ: ಇವು ಅದರ ಲಕ್ಷಣಗಳು. ಓದು ಬಾರದವರಿಗಾಗಿ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ 'ಧ್ವನಿ' ಎಂಬ ತಂತ್ರಾಂಶವನ್ನು ರಮೇಶ್ ಹರಿಹರನ್ ಅವರ ತಂಡ ಸಿದ್ಧಪಡಿಸಿತು. ಅದು ಕನ್ನಡವನ್ನೂ ಓದುತ್ತಿತ್ತು.

ನಮ್ಮ ವಿಷಯಕ್ಕೆ ಮುಖ್ಯವಾದದ್ದು ಸಿಂಪ್ಯೂಟರಿನ ಇನ್ನೊಂದು ಕಲ್ಪನೆ. ಹಳ್ಳಿಯಲ್ಲಿ ಎಲ್ಲರೂ ಒಂದೊಂದು ಸಾಧನ ಕೊಳ್ಳಲಾರರು. ಆದ್ದರಿಂದ ಸಾಧನ ಊರಿಗೊಂದು, ಆದರೆ ಸ್ಮೃತಿ ಮಾತ್ರ ಅವರವರದು. ಒಬ್ಬೊಬ್ಬರ ಬಳಿಯೂ ಒಂದು ಸ್ಮಾರ್ಟ್ ಕಾರ್ಡ್ ಇರುತ್ತದೆ. ತಮ್ಮ ಸರದಿ ಬಂದಾಗ ಅದನ್ನು ಸಾಧನದ ಸೀಳಿನಲ್ಲಿ ತೂರಿಸಿದರೆ ಆ ಹೊತ್ತಿಗೆ ಸಾಧನ ಅವರದಾಗುತ್ತದೆ. ತೆಗೆದರೆ ಮತ್ತೆ ಊರಿನದು. ಅಂಗೈ ಸಾಧನವನ್ನು ಮಗುವೆಂದಲ್ಲದೆ ಊರ ಚಾವಡಿಯೆಂದು, ಬಂದವರನ್ನೆಲ್ಲ ಕೂರಿಸಿಕೊಳ್ಳುವ ಆತಿಥೇಯನೆಂದು ಕಂಡ ಕಲ್ಪನೆ ಇದು. ಯುಎಸ್‌ಬಿ ಸಂಪರ್ಕವೂ ಅದರಲ್ಲಿತ್ತು.

2004ರ ಮಾರ್ಚ್‌ನಲ್ಲಿ ಪಿಕೋಪೀಟಾ ಕಂಪನಿಯೂ ಕೇಂದ್ರ ಸರ್ಕಾರದ ಉದ್ಯಮವಾದ ಭಾರತ್ ಎಲೆಕ್ಟ್ರಾನಿಕ್ಸೂ ಸೇರಿ 'ಅಮಿಡಾ' ಎಂಬ ಹೆಸರಿನಲ್ಲಿ ಸಿಂಪ್ಯೂಟರನ್ನು ಸಾರ್ವಜನಿಕ ಮಾರಾಟಕ್ಕೆ ತಂದವು. ಬೆಲೆ ಸುಮಾರು 10,000 ರೂಪಾಯಿಗಳಿಂದ ಆರಂಭವಾಗುತ್ತಿತ್ತು. ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿದ ಕರ್ನಾಟಕದ ಭೂಮಿ ಯೋಜನೆಯಲ್ಲೂ ಅದನ್ನು ಬಳಸಿ ನೋಡಲಾಯಿತು. ಆದರೆ ಮಾರಾಟ ನಿರೀಕ್ಷೆಯ ಹತ್ತಿರಕ್ಕೂ ಬರಲಿಲ್ಲ. ಅಷ್ಟರಲ್ಲಿ ಮೊಬೈಲ್ ಫೋನಿನ ಬೆಲೆ ಇಳಿಯತೊಡಗಿತ್ತು. ಹಳ್ಳಿಯವರ ಕೈಗೆ ಮೊದಲು ಬಂದದ್ದು ಊರಿಗೊಂದು ಸಿಂಪ್ಯೂಟರ್ ಅಲ್ಲ, ಮನೆಗೊಂದು ಮೊಬೈಲು. ಸಿಂಪ್ಯೂಟರ್ ಸೋತಿತೆಂದು ಬರೆದವರು ಬಹಳ ಮಂದಿ. ಆದರೆ ದೊಡ್ಡ ಗಣಕದ ಹಂಗಿಲ್ಲದೆ ಅಂಗೈ ಸಾಧನವೇ ಪೂರ್ಣ ಗಣಕವಾಗಬೇಕು, ಬೇರೆ ಸ್ಮೃತಿಗಳನ್ನು ಬರಮಾಡಿಕೊಳ್ಳಬೇಕು ಎಂಬ ಅದರ ಮೂಲವಿಚಾರ ಸೋಲಲಿಲ್ಲ. ರಾಯರ ಮನೆಯ ಮೇಜಿನ ಮುಂದೆ ನಾವು ಮಾಡಹೊರಟದ್ದೂ ಅದನ್ನೇ.

ಸಿಂಪ್ಯೂಟರಿನ ಮೊದಲ ಮಾದರಿ ಬಂದ 2001ರ ಡಿಸೆಂಬರ್‌ನಲ್ಲಿಯೇ ಯುಎಸ್‌ಬಿ ನಿಯಮಾವಳಿಗೆ ಒಂದು ಅನುಬಂಧ ಸೇರಿತು. ಅದರ ಹೆಸರು ಆನ್‌-ದಿ-ಗೋ, ಸಂಕ್ಷೇಪದಲ್ಲಿ ಒಟಿಜಿ. ನೆಹರೂ ಪ್ಲೇಸಿನ ಅಂಗಡಿಗಳಲ್ಲಿ ಇಂದು ಕೇಳಿದ ತಕ್ಷಣ ತೆಗೆದುಕೊಡುವ 'ಒಟಿಜಿ ಕೇಬಲ್' ಹುಟ್ಟಿದ್ದು ಆ ಅನುಬಂಧದಿಂದ. ಅದರ ಉಪಾಯ ಬಲು ಸರಳ. ಹಳೆಯ ಯುಎಸ್‌ಬಿ ತಂತಿಯಲ್ಲಿ ನಾಲ್ಕು ಸಂಪರ್ಕಗಳಿದ್ದವು: ಎರಡು ವಿದ್ಯುತ್ತಿಗೆ, ಎರಡು ಮಾತಿಗೆ. ಸಣ್ಣ ಸಾಧನಗಳ ಕಿರುಬಾಯಿಯಲ್ಲಿ ಐದನೆಯದೊಂದು ಸೇರಿತು. ತಂತಿಯ ಯಾವ ತುದಿಯಲ್ಲಿ ಆ ಐದನೆಯ ಸೂಜಿಯನ್ನು ಭೂಸಂಪರ್ಕಕ್ಕೆ ಕಟ್ಟಿದೆಯೋ, ಆ ತುದಿಯನ್ನು ಸಿಕ್ಕಿಸಿಕೊಂಡ ಸಾಧನ 'ಈಗ ಯಜಮಾನಿಕೆ ನನ್ನದು' ಎಂದು ತಿಳಿಯುತ್ತದೆ. ಗಣಕದ ಮುಂದೆ ಅತಿಥಿಯಾಗಿದ್ದ ಮೊಬೈಲು ಪೆನ್ ಡ್ರೈವಿನ ಮುಂದೆ ಆತಿಥೇಯನಾಗುತ್ತದೆ. ತಂತಿ ಕಳಚದೆಯೇ ಪಾತ್ರಗಳನ್ನು ಅದಲುಬದಲು ಮಾಡಿಕೊಳ್ಳುವ ಮಾತುಕತೆಯ ಕ್ರಮವನ್ನೂ ಅನುಬಂಧ ಹೇಳಿಕೊಟ್ಟಿತು. ಲ್ಯಾಟಿನ್ ಪದ ಕಳೆದುಕೊಂಡಿದ್ದ ಎರಡನೆಯ ಅರ್ಥ ಐದು ವರ್ಷಗಳ ಬಳಿಕ ಹೀಗೆ ಮರಳಿ ಬಂದಿತು.

ಬರವಣಿಗೆಯಲ್ಲಿದ್ದದ್ದು ಬಳಕೆಗೆ ಬರಲು ಮತ್ತೆ ಹತ್ತು ವರ್ಷ ಹಿಡಿಯಿತು. 2010ರಲ್ಲಿ ಬಂದ ನೋಕಿಯಾ ಎನ್8 ಫೋನಿನ ಪೆಟ್ಟಿಗೆಯಲ್ಲೇ ಅಂಥದೊಂದು ಕಿರುತಂತಿ ಇರುತ್ತಿತ್ತು. 2011ರಲ್ಲಿ ಆಂಡ್ರಾಯ್ಡ್ 3.1 ಆತಿಥೇಯನ ಪಾತ್ರವನ್ನು ಅಧಿಕೃತವಾಗಿ ಒಪ್ಪಿಕೊಂಡಿತು. ಐಪ್ಯಾಡ್ ತನ್ನ ಕಡತಗಳ ಕಿಟಕಿಯಲ್ಲಿ ಹೊರಗಿನ ಹಾರ್ಡ್ ಡಿಸ್ಕನ್ನು ತೋರಿಸತೊಡಗಿದ್ದು 2019ರಲ್ಲಿ. ಈ ನಡುವೆ, 2014ರಲ್ಲಿ, ಎರಡು ತುದಿಯೂ ಒಂದೇ ಆಕಾರದ ಟೈಪ್‌-ಸಿ ಬಂದು, ಯಜಮಾನ ತುದಿ, ಸೇವಕ ತುದಿ ಎಂಬ ಭೇದ ಕಣ್ಣಿಗೆ ಕಾಣದಂತಾಯಿತು. ಯಾರು ಯಾರೆಂಬ ತೀರ್ಮಾನವನ್ನು ಸಾಧನಗಳು ತಂತಿಯೊಳಗೇ ಮಾಡಿಕೊಳ್ಳುತ್ತವೆ.

ಅತಿಥಿಸತ್ಕಾರಕ್ಕೆ ಅಪಾಯವೂ ಉಂಟು. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ಕುತಂತ್ರಾಂಶ ಹರಡಿದ ದಾರಿಗಳಲ್ಲಿ ಪೆನ್ ಡ್ರೈವೂ ಒಂದು. ಇರಾನಿನ ಅಣುಕೇಂದ್ರದ ಯಂತ್ರಗಳನ್ನೇ ಅದು ಕೆಡಿಸಿತು. ಅಂಥ ಅನುಭವಗಳಿಂದಾಗಿಯೇ ಸರ್ಕಾರಿ ಕಚೇರಿಗಳಲ್ಲಿ ಹೊರಗಿನ ಸ್ಮೃತಿಸಾಧನಗಳಿಗೆ ನಿರ್ಬಂಧವಿದೆ. ನಮ್ಮ ಬಳಗದವರ ಬಳಿಯಿದ್ದ ಲ್ಯಾಪ್‌ಟಾಪುಗಳೆಲ್ಲ ಕಚೇರಿಯವು, ಅವುಗಳ ಬಾಯಿಗಳೆಲ್ಲ ಮುಚ್ಚಿದ್ದವು. ನಿಯಮ ಸರಿಯಾದದ್ದೇ. ಆದ್ದರಿಂದ ಅಮ್ಮನ ಟ್ಯಾಬ್ಲೆಟ್ಟಿಗೇ ಜೋಡಿಸದೆ ಬೇರೆ ದಾರಿಯಿರಲಿಲ್ಲ.

ಮೊದಲ ಭಾನುವಾರ ತಂತಿ ಸಿಕ್ಕಿಸಿದೆವು. ಡಿಸ್ಕಿನ ಸಣ್ಣ ದೀಪ ಹೊತ್ತಿತು. ಒಳಗಿನಿಂದ 'ಟಿಕ್' ಎಂಬ ಸದ್ದು, ಒಂದು ಕ್ಷಣ ಮೌನ, ಮತ್ತೆ 'ಟಿಕ್'. ಅಮ್ಮ ಗಾಬರಿಯಾದರು. ಕೂಡಲೇ ಕಳಚಿದೆವು.

ಇದು ಎರಡನೆಯ ಒಪ್ಪಂದದ, ಎಂದರೆ ಅನ್ನದ ಪ್ರಶ್ನೆ. ಯುಎಸ್‌ಬಿಯಲ್ಲಿ ಅತಿಥಿಗೆ ವಿದ್ಯುತ್ತು ಕೊಡುವುದು ಆತಿಥೇಯನ ಕರ್ತವ್ಯ. 2000ದ ಯುಎಸ್‌ಬಿ 2.0 ನಿಯಮದ ಪ್ರಕಾರ ಒಂದು ಗಣಕದ ಬಾಯಿ 500 ಮಿಲಿಆಂಪಿಯರ್‌ವರೆಗೆ ಕೊಡಬೇಕು. 2008ರ ಯುಎಸ್‌ಬಿ 3.0 ಅದನ್ನು 900ಕ್ಕೆ ಏರಿಸಿತು. ಆದರೆ ಬ್ಯಾಟರಿಯ ಮೇಲೆ ಬದುಕುವ ಅಂಗೈ ಸಾಧನಕ್ಕೆ ಅಷ್ಟು ಔದಾರ್ಯ ಎಲ್ಲಿಂದ ಬರಬೇಕು? ಆದ್ದರಿಂದ ಒಟಿಜಿ ಅನುಬಂಧ ಅದಕ್ಕೆ ವಿನಾಯಿತಿ ಕೊಟ್ಟು, ಕನಿಷ್ಠ 8 ಮಿಲಿಆಂಪಿಯರ್ ಕೊಟ್ಟರೂ ಸಾಕೆಂದಿತು. ಯಾರು ಯಾರನ್ನು ತಾನು ಸತ್ಕರಿಸಬಲ್ಲೆನೆಂಬ ಪಟ್ಟಿಯನ್ನು ಸಾಧನವೇ ಇಟ್ಟುಕೊಳ್ಳಬಹುದೆಂದೂ ಹೇಳಿತು. ಪೆನ್ ಡ್ರೈವಿನೊಳಗೆ ಚಲಿಸುವ ಭಾಗವೇ ಇಲ್ಲ; ಅದು ಮಿತಾಹಾರಿ. ಹಾರ್ಡ್ ಡಿಸ್ಕಿನೊಳಗಾದರೋ ತಟ್ಟೆ ತಿರುಗಬೇಕು. ನಿಂತ ತಟ್ಟೆಯನ್ನು ಓಟಕ್ಕೆ ತರುವ ಮೊದಲ ಕೆಲವು ಕ್ಷಣಗಳಲ್ಲಿ ಅದಕ್ಕೆ ಒಂದು ಆಂಪಿಯರ್‌ನಷ್ಟು ಬೇಕಾಗಬಹುದು. ನಿಂತ ಎತ್ತಿನ ಗಾಡಿಯನ್ನು ಹೊರಡಿಸುವಾಗಿನ ಎಳೆತವೇ ಹೆಚ್ಚಲ್ಲವೇ? ನಾವು ಕೇಳಿದ 'ಟಿಕ್' ಸದ್ದು ಹಸಿದ ಡಿಸ್ಕು ಏಳಲು ಹೋಗಿ ಕುಸಿದು ಕೂರುತ್ತಿದ್ದ ಸದ್ದು.

ಮರುವಾರ ಮೆಟ್ರೋ ಹಿಡಿದು ನೆಹರೂ ಪ್ಲೇಸಿಗೆ ಹೋದೆವು. ಗಣಕದ ಬಿಡಿಭಾಗ ಬೇಕಾದ ದೆಹಲಿಯವರೆಲ್ಲ ಇಂದಿಗೂ ಹೋಗುವುದು ಅಲ್ಲಿಗೇ. ಮಹಡಿಯ ಕೆಳಗಿನ ಚಿಕ್ಕ ಅಂಗಡಿಯ ಹುಡುಗ ನಮ್ಮ ವರ್ಣನೆಯನ್ನು ಪೂರ್ತಿ ಕೇಳಲೂ ಇಲ್ಲ. "ಪವರ್‌ವಾಲಾ ಹಬ್ ಲೇ ಜಾಯಿಯೇ, ಅಂಕಲ್‌ಜೀ," ಎಂದ. ಹಬ್ ಎಂದರೆ ಕವಲುಪೆಟ್ಟಿಗೆ. ಗೋಡೆಯ ಪ್ಲಗ್ಗಿನಿಂದ ತನ್ನದೇ ವಿದ್ಯುತ್ತು ಪಡೆಯುವ ಈ ಬಗೆಯ ಹಬ್ಬು ನಡುವೆ ನಿಂತು ಡಿಸ್ಕಿಗೆ ಊಟವಿಕ್ಕುತ್ತದೆ. ಟ್ಯಾಬ್ಲೆಟ್ಟು ಮಾತುಕತೆಯನ್ನಷ್ಟೇ ನೋಡಿಕೊಂಡರೆ ಸಾಕು. ಅಂದು ಸಂಜೆ ಡಿಸ್ಕು ಸರಾಗವಾಗಿ ತಿರುಗಿತು. ನಮಗೆಲ್ಲ ಸಮಾಧಾನ.

ಆದರೆ ಪರದೆಯ ಮೇಲೆ ಒಂದು ಸೂಚನೆ ಮೂಡಿತು. ಈ ಡಿಸ್ಕ್ ಕೆಟ್ಟಿದೆ, ಫಾರ್ಮ್ಯಾಟ್ ಮಾಡಲು ಇಲ್ಲಿ ಒತ್ತಿ, ಎಂಬುದು ಅದರ ತಾತ್ಪರ್ಯ. ಅಮ್ಮನ ಬೆರಳು ಅದರ ಮೇಲೇ ಇತ್ತು. "ಒತ್ತಲಾ?" ಎಂದು ಕೇಳಿದರು. ನಮ್ಮಲ್ಲೊಬ್ಬರು ಅವರ ಕೈಯನ್ನೇ ಹಿಡಿದುಕೊಂಡರು. ಫಾರ್ಮ್ಯಾಟ್ ಮಾಡುವುದೆಂದರೆ ಇದ್ದದ್ದನ್ನೆಲ್ಲ ಒರೆಸಿ ಹಲಗೆಯನ್ನು ಹೊಸದಾಗಿ ಸಾರಿಸುವುದು. ಇಪ್ಪತ್ತು ವರ್ಷಗಳ ಸಭೆಗಳು ಆ ಕ್ಷಣ ಒಂದು ಬೆರಳಿನ ತುದಿಯಲ್ಲಿ ನಿಂತಿದ್ದವು.

ಡಿಸ್ಕ್ ಕೆಟ್ಟಿರಲಿಲ್ಲ. ಟ್ಯಾಬ್ಲೆಟ್ಟಿಗೆ ಅದರ ಭಾಷೆ ಬರುತ್ತಿರಲಿಲ್ಲ, ಅಷ್ಟೇ. ತನಗೆ ಬಾರದ ಭಾಷೆಯನ್ನು ಕೆಟ್ಟದ್ದೆಂದು ಕರೆಯುವ ಅಭ್ಯಾಸ ಮನುಷ್ಯರಿಗೆ ಮಾತ್ರ ಇರುವುದಲ್ಲವೆಂದು ತೋರುತ್ತದೆ. ಕಡತಗಳನ್ನು ಡಿಸ್ಕಿನ ಮೇಲೆ ಜೋಡಿಸಿಡುವ ಕ್ರಮಗಳು ಹಲವು. 1970ರ ದಶಕದ ಫ್ಲಾಪಿ ಕಾಲದಲ್ಲಿ ಹುಟ್ಟಿದ ಫ್ಯಾಟ್ ಕ್ರಮ ಎಲ್ಲರಿಗೂ ಅರ್ಥವಾಗುವಂಥದು. ಆದರೆ 1996ರಲ್ಲಿ ಬಂದ ಅದರ 32-ಬಿಟ್ ರೂಪದಲ್ಲೂ 4 ಗಿಗಾಬೈಟಿಗಿಂತ ದೊಡ್ಡ ಕಡತ ಹಿಡಿಯದು. 1993ರಲ್ಲಿ ವಿಂಡೋಸ್ ಎನ್‌ಟಿ ಜೊತೆ ಬಂದ ಎನ್‌ಟಿಎಫ್‌ಎಸ್ ಬಲಿಷ್ಠ, ಆದರೆ ಬಹುಕಾಲ ವಿಂಡೋಸಿನ ಮನೆಮಾತಾಗಿಯೇ ಉಳಿಯಿತು. ಅಂಗೈ ಸಾಧನಗಳಿಗೆಂದು 2006ರಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಫ್ಯಾಟ್ ಎಂಬ ಮೂರನೆಯದನ್ನು ತಂದಿತು. ಅದರ ವ್ಯಾಕರಣವನ್ನು ಎಲ್ಲರಿಗೂ ಬಿಚ್ಚಿಟ್ಟದ್ದು 2019ರ ಆಗಸ್ಟ್‌ನಲ್ಲಿ. ಅದೇ ವರ್ಷದ ಕೊನೆಗೆ ಲಿನಕ್ಸ್ ತಿರುಳು ಅದನ್ನು ಕಲಿಯಿತು. ರಾಯರು ತಮ್ಮ ವಿಂಡೋಸ್ ಗಣಕದಲ್ಲಿ ಬಳಸಿದ್ದು ಎನ್‌ಟಿಎಫ್‌ಎಸ್. ಅದನ್ನು ಓದಬಲ್ಲ ತಂತ್ರಾಂಶವೊಂದನ್ನು ಹುಡುಕಿ ಟ್ಯಾಬ್ಲೆಟ್ಟಿಗೆ ಹಾಕಿಕೊಂಡ ಮೇಲೆ ಕಡತಗಳ ಸಾಲು ತೆರೆಯಿತು. ಸಭೆಗಳು, ಭಾಷಣಗಳು, ರಾಜ್ಯೋತ್ಸವದ ಖರ್ಚು, ವರ್ಷವಾರು, ತಿಂಗಳವಾರು. ರಾಯರು ಕಚೇರಿಯಲ್ಲಿ ಹೇಗೆ ಕಡತ ನಿರ್ವಹಿಸುತ್ತಿದ್ದರೋ ಮನೆಯಲ್ಲೂ ಹಾಗೆಯೇ.

ಮೊದಲು ಒಂದು ಧ್ವನಿಮುದ್ರಿಕೆಯನ್ನು ತೆರೆದೆವು. ತಡೆಯಿಲ್ಲದೆ ಕೇಳಿಸಿತು. ಕುಕ್ಕರಿನ ಕೂಗು, ಯಾರದೋ ಕೆಮ್ಮು, ಬಳಿಕ ಹಿಂದಿನಿಂದ ಒಂದು ಹೆಂಗಸಿನ ದನಿ: "ಕಾಫಿ ಆರ್ತಿದೆ, ಮಾತು ಆಮೇಲಾಡಿ!" ರಾಯರ ದನಿಗಾಗಿ ಕಾದಿದ್ದ ಅಮ್ಮನಿಗೆ ಮೊದಲು ಕೇಳಿಸಿದ್ದು ಹದಿನೈದು ವರ್ಷದ ಹಿಂದಿನ ತಮ್ಮದೇ ದನಿ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು.

ಆಮೇಲೆ ಟಿಪ್ಪಣಿಗಳನ್ನು ತೆರೆದೆವು. ಧ್ವನಿಗಿಲ್ಲದ ತೊಡಕು ಅಕ್ಷರಕ್ಕಿತ್ತು. ಪರದೆಯ ತುಂಬ ರೋಮನ್ ಅಕ್ಷರಗಳೂ ಚಿತ್ರವಿಚಿತ್ರ ಚಿಹ್ನೆಗಳೂ. 'ನ' ಇರಬೇಕಾದಲ್ಲೆಲ್ಲ ಬ್ರಿಟಿಷರ ಪೌಂಡಿನ ಗುರುತು, 'ಲಿ' ಇರಬೇಕಾದಲ್ಲೆಲ್ಲ ಉಷ್ಣಾಂಶದ ಡಿಗ್ರಿಯ ಸೊನ್ನೆ. ಕಂಡಕೂಡಲೇ ಗುರುತಿಸಿದೆವು: ಇದು ನುಡಿ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸ.

ಇದರ ಚರಿತ್ರೆಯ ಒಂದು ಅಧ್ಯಾಯ ದೆಹಲಿಯದೇ. ಭಾರತೀಯ ಲಿಪಿಗಳಿಗೆಲ್ಲ ಸಮಾನವಾದ ಸಂಕೇತಪದ್ಧತಿ ಇಸ್ಕಿ. ಅದನ್ನು 1991ರಲ್ಲಿ ರಾಷ್ಟ್ರೀಯ ಮಾನಕವೆಂದು ಪ್ರಕಟಿಸಿದ್ದು ಭಾರತೀಯ ಮಾನಕ ಬ್ಯೂರೋ. ಅದರ ಕೇಂದ್ರ ಕಚೇರಿ ಇಲ್ಲಿನ ಬಹಾದುರ್ ಶಾ ಜಫರ್ ಮಾರ್ಗದಲ್ಲಿದೆ. ಅದೇ ವರ್ಷ ಜಗತ್ತಿನ ಲಿಪಿಗಳಿಗೆಲ್ಲ ಒಂದೊಂದು ಖಾಯಂ ಸ್ಥಾನ ಕೊಡುವ ಯೂನಿಕೋಡಿನ ಮೊದಲ ಆವೃತ್ತಿಯೂ ಬಂದಿತು. ಕನ್ನಡಕ್ಕೆ ಅದರಲ್ಲಿ ಅಂದೇ ಜಾಗ ಸಿಕ್ಕಿತು. ಆದರೆ ಜಾಗ ಸಿಕ್ಕುವುದು ಬೇರೆ, ಮನೆ ಕಟ್ಟುವುದು ಬೇರೆ. ಯೂನಿಕೋಡ್ ಕನ್ನಡ ವಿಂಡೋಸಿಗೆ ಬಂದದ್ದು 2001ರ ಎಕ್ಸ್‌ಪಿಯಲ್ಲಿ. ಆಂಡ್ರಾಯ್ಡಿಗೆ ಬಂದದ್ದು 2012ರ 4.1ನೇ ಆವೃತ್ತಿಯಲ್ಲಿ. ಅಲ್ಲಿಯವರೆಗೆ ಕನ್ನಡಿಗರು ಕೈಕಟ್ಟಿ ಕೂರಲಿಲ್ಲ. ಶೇಷಾದ್ರಿವಾಸು ಅವರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, ಇವು ಇದ್ದ ಸಾಧನದಲ್ಲೇ ಕನ್ನಡವನ್ನು ಮೂಡಿಸಿದವು. ರೋಮನ್ ಅಕ್ಷರಗಳಿಗೆ ಮೀಸಲಾಗಿದ್ದ ಸ್ಥಾನಗಳಲ್ಲಿ ಕನ್ನಡದ ಅಕ್ಷರಭಾಗಗಳನ್ನು ಕೂರಿಸಿದವು: ಒಂದರಲ್ಲಿ 'ಕ'ದ ಮೈ, ಒಂದರಲ್ಲಿ ತಲೆಕಟ್ಟು, ಒಂದರಲ್ಲಿ ಒತ್ತು. ಆ ಫಾಂಟು ಇರುವವರೆಗೆ ಪುಟ ಕನ್ನಡ. ಫಾಂಟು ಇಲ್ಲದ ಸಾಧನದಲ್ಲಿ ತೆರೆದರೆ ಉಳಿಯುವುದು ಬಾಡಿಗೆ ಕೊಟ್ಟ ಮನೆಯೊಡೆಯರಾದ ರೋಮನ್ ಚಿಹ್ನೆಗಳು. ರಾಯರಂಥ ಸಾವಿರಾರು ಜನ ದಶಕಗಳ ಕಾಲ ಬರೆದದ್ದು ಈ ಬಾಡಿಗೆ ಮನೆಯಲ್ಲಿ. ಅದನ್ನು ಹಳಿಯುವುದು ಕೃತಘ್ನತೆ. ಆ ಮನೆಯೂ ಇಲ್ಲದಿದ್ದರೆ ಅವರು ಕನ್ನಡದಲ್ಲಿ ಬರೆಯುತ್ತಲೇ ಇರಲಿಲ್ಲ.

ಮೂರನೆಯ ಭಾನುವಾರವೆಲ್ಲ ಪರಿವರ್ತನೆಯ ಕೆಲಸ. ಹಳೆಯ ವಿನ್ಯಾಸವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳನ್ನು ಕನ್ನಡದ ತಂತ್ರಜ್ಞರು ಮಾಡಿ ಉಚಿತವಾಗಿ ಹಂಚಿದ್ದಾರೆ. ಹೆಚ್ಚಿನ ಟಿಪ್ಪಣಿಗಳು ಸರಾಗವಾಗಿ ಬಂದವು. ತಕರಾರು ಮಾಡಿದ್ದು ಅರ್ಕಾವತ್ತು. 'ಸೂರ್ಯ' ಎಂಬಲ್ಲಿ ರಕಾರ ಬಾಯಲ್ಲಿ ಮೊದಲು ಬರುತ್ತದೆ, ಅರ್ಕಾವತ್ತಿನಿಂದ ಬರೆದಾಗ ಯಕಾರದ ನಂತರ ಬರುತ್ತದೆ. ಯೂನಿಕೋಡ್ ಉಚ್ಚಾರದ ಕ್ರಮವನ್ನು ಹಿಡಿದರೆ, ಹಳೆಯ ಫಾಂಟುಗಳು ಕಣ್ಣಿಗೆ ಕಾಣುವ ಕ್ರಮವನ್ನು ಹಿಡಿದವು. ಅಲ್ಲಲ್ಲಿ 'ಕರ್ನಾಟಕ'ವೇ ಮುರಿದು ಬಿದ್ದಿತ್ತು. ಅಂಥವನ್ನು ಒಬ್ಬರು ಓದುತ್ತ, ಇನ್ನೊಬ್ಬರು ತಿದ್ದುತ್ತ ಬಂದೆವು. ಅಮ್ಮ ನಮಗಿಂತ ಬೇಗ ತಪ್ಪು ಹಿಡಿಯುತ್ತಿದ್ದರು. ರಾಯರು ಯಾವ ಮಾತನ್ನು ಹೇಗೆ ಬರೆಯುತ್ತಾರೆಂದು ಅವರಿಗೆ ಗೊತ್ತು.

ಎಲ್ಲವೂ ಉಳಿಯಲಿಲ್ಲ. ತೀರ ಹಳೆಯ ಕೆಲವು ಕಡತಗಳು ಯಾವ ತಂತ್ರಾಂಶದಲ್ಲಿ ಬರೆದವೋ ತಿಳಿಯದೆ ತೆರೆಯಲೇ ಇಲ್ಲ. ಉಳಿದದ್ದನ್ನು ಯೂನಿಕೋಡಿನಲ್ಲಿ, ಎರಡು ಪ್ರತಿ ಮಾಡಿ, ಎರಡು ಬೇರೆ ಮನೆಗಳಲ್ಲಿ ಇಟ್ಟಿದ್ದೇವೆ. ಹಿಂದೆ ಓಲೆಗರಿ ಶಿಥಿಲವಾಗುವ ಮೊದಲೇ ಪ್ರತಿ ಮಾಡಿಡುತ್ತಿದ್ದರು. ಡಿಸ್ಕಿಗೂ ಅದೇ ನಿಯಮ. ಹಾರ್ಡ್ ಡಿಸ್ಕು ಭಂಡಾರವಲ್ಲ, ಅದು ದಾರಿಯ ನಡುವಿನ ಒಂದು ಛತ್ರ. ಅಲ್ಲಿ ತಂಗಿದ ಬರಹವನ್ನು ಕಾಲಕಾಲಕ್ಕೆ ಎಬ್ಬಿಸಿ ಮುಂದಿನ ಊರಿಗೆ ಕಳಿಸುತ್ತಿರಬೇಕು.

ಓದುಗರಲ್ಲಿ ನಮ್ಮದೊಂದು ವಿನಂತಿ. ದೆಹಲಿಯಲ್ಲಾಗಲಿ, ಬೇರೆಲ್ಲೇ ಆಗಲಿ, ಹೊರನಾಡಿನ ಕನ್ನಡ ಬಳಗಗಳ ಚರಿತ್ರೆಯ ಬಹುಭಾಗ ಇಂದು ಇಂಥ ಕಪಾಟುಗಳಲ್ಲಿ, ಇಂಥ ಡಿಸ್ಕುಗಳಲ್ಲಿ, ಹಳೆಯ ಫಾಂಟುಗಳಲ್ಲಿ ಮಲಗಿದೆ. ನಿಮ್ಮ ಮನೆಯಲ್ಲೂ ಒಂದಿದ್ದರೆ ಈ ವಾರವೇ ತೆರೆಯಿರಿ. ವಿದ್ಯುತ್ತಿಗೆ ಬೇರೆ ಹಬ್ ಇರಲಿ. ಫಾರ್ಮ್ಯಾಟ್ ಮಾಡಲೇ ಎಂದು ಸಾಧನ ಎಷ್ಟು ವಿನಯದಿಂದ ಕೇಳಿದರೂ ಒಪ್ಪಬೇಡಿ. ಆ ಕಡತಗಳನ್ನು ಬರೆದವರು, ಅಥವಾ ಬರೆದವರ ಬರವಣಿಗೆಯನ್ನು ಬಲ್ಲವರು, ಪಕ್ಕದಲ್ಲಿರುವಾಗಲೇ ಈ ಕೆಲಸ ಆಗಲಿ. ನಮ್ಮ ಮುಂದಿನ ಸಭೆ ಅಮ್ಮನ ಮನೆಯಲ್ಲೇ. ರಾಯರ 2003ರ ಟಿಪ್ಪಣಿಯೊಂದನ್ನು ತಾವೇ ಓದುವುದಾಗಿ ಅಮ್ಮ ಹೇಳಿದ್ದಾರೆ.